ತಾಮ್ರ ಹಚ್ಚಿದ ಸಿಲಿಕಾನ್ ಮತ್ತು ಒಂದು ಸುಳ್ಳು ಸಿಗ್ನಲ್

ಕಾಳಿನ ತೇವಾಂಶವನ್ನು ಬೆಳಕಿನಿಂದ ಅಳೆಯಲು 1450 ನ್ಯಾನೋಮೀಟರ್ ಹತ್ತಿರದ ಇನ್‌ಫ್ರಾರೆಡ್ ಒಳ್ಳೆಯದು. ನೀರು ಅದನ್ನು ಚೆನ್ನಾಗಿ ಹೀರುತ್ತದೆ. ಆದರೆ 1100 ದಾಟಿದರೆ ಸಿಲಿಕಾನ್‌ಗೆ ಬೆಳಕು ಕಾಣುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಬಳಸುವುದು ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಸೆನ್ಸರ್. ಅದನ್ನು ಬೆಳೆಸಲು ದುಬಾರಿ ಇಂಡಿಯಂ ಫಾಸ್ಫೈಡ್ ವೇಫರ್ (ತೆಳು ಬಿಲ್ಲೆ) ಬೇಕು. ರೈತರು ಕೊಳ್ಳುವಂಥ ಮೀಟರ್‌ಗೆ ಆ ಬೆಲೆ ತುಂಬಾ ಜಾಸ್ತಿ. ಅದಕ್ಕೇ ಸಿಲಿಕಾನ್ ಮೇಲೆ ತಾಮ್ರ ಹಚ್ಚಿ ನೋಡಿದೆ.

ಇಲ್ಲಿ ಬೆಳಕು ಹೀರುವುದು ತಾಮ್ರ. ಅದರೊಳಗಿನ ಎಲೆಕ್ಟ್ರಾನ್ ಗಡಿಯಲ್ಲಿರುವ ಗೋಡೆ ಹಾರಿ ಸಿಲಿಕಾನ್‌ಗೆ ಬರಬೇಕು. ಎನ್-ಟೈಪ್ ಸಿಲಿಕಾನ್‌ನಲ್ಲಿ (ಎಲೆಕ್ಟ್ರಾನ್‌ಗಳೇ ವಿದ್ಯುತ್ ಸಾಗಿಸುವ ಬಗೆ) ಆ ಗೋಡೆ ಸುಮಾರು 0.6 ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯ ಅಳತೆ). 1450ರ ಬೆಳಕಿನ ಕಣಕ್ಕೆ 0.85 ಇದೆ. ಸಾಕು ಅಲ್ವಾ? ಆದರೂ ಬಹುಪಾಲು ಎಲೆಕ್ಟ್ರಾನ್‌ಗಳು ದಾರಿಯಲ್ಲೇ ಸೋಲುತ್ತವೆ.

ವೇಫರ್ ಮೇಲಿನ ಆಕ್ಸೈಡ್ ಪದರವನ್ನು ಹೈಡ್ರೋಫ್ಲೋರಿಕ್ ಆಸಿಡ್‌ನಲ್ಲಿ ತೆಗೆದು, ಆಕ್ಸೈಡ್ ಮತ್ತೆ ಬೆಳೆಯುವ ಮುಂಚೆ ಕೂಡಲೇ ತಾಮ್ರ ಹಚ್ಚುವ ವ್ಯಾಕ್ಯೂಮ್ ಚೇಂಬರ್‌ಗೆ ಹಾಕಬೇಕು. ಮೊದಲ ಸಲ ನಾನು ಊಟ ಮುಗಿಸಿ ಬಂದು ಹಾಕಿದೆ. ಡಯೋಡ್‌ಗಳು (ತಾಮ್ರ-ಸಿಲಿಕಾನ್ ಸೆನ್ಸರ್‌ಗಳು) ಒಂದೊಂದು ಒಂದೊಂದು ಥರ ಬಂದವು. (ಈ ಆಸಿಡ್ ಚರ್ಮ ದಾಟಿ ಮೂಳೆವರೆಗೂ ಇಳಿಯುತ್ತದೆ. ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಪಕ್ಕದಲ್ಲಿಲ್ಲದೆ ಬಾಟಲಿ ತೆರೆಯಬೇಡಿ.)

ಎರಡನೇ ಸಲದ ಡಯೋಡ್‌ಗಳು ಚೆನ್ನಾಗಿದ್ದವು. ಹ್ಯಾಲೋಜನ್ ದೀಪದ ಬೆಳಕನ್ನು ಮಾನೊಕ್ರೊಮೇಟರ್ (ಬೇಕಾದ ತರಂಗಾಂತರವನ್ನು ಆರಿಸುವ ಉಪಕರಣ) ಮೂಲಕ ಹಾಯಿಸಿ 1550ಕ್ಕೆ ಇಟ್ಟೆ. ಸಿಗ್ನಲ್ ಜೋರಾಗಿ ಬಂತು. ಖುಷಿಯಿಂದ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಅನುಮಾನ ಶುರುವಾಯಿತು. ಲೆಕ್ಕಕ್ಕಿಂತ ಸಿಗ್ನಲ್ ತೀರಾ ಜಾಸ್ತಿ ಇತ್ತು. ಮಾನೊಕ್ರೊಮೇಟರ್ ಒಳಗೆ ಬೆಳಕನ್ನು ಬಿಡಿಸುವ ಗ್ರೇಟಿಂಗ್ ಅನ್ನು 1550ಕ್ಕೆ ಇಟ್ಟಾಗ ಅದರ ಅರ್ಧದ, ಅಂದರೆ 775ರ ಬೆಳಕೂ ಅದೇ ಕಿಂಡಿಯಿಂದ ಬರುತ್ತದೆ. ಸಿಲಿಕಾನ್‌ಗೆ ಆ ಬೆಳಕು ತುಂಬಾ ಚೆನ್ನಾಗಿ ಕಾಣುತ್ತದೆ! ಬೆಳಕನ್ನು ಮಿನುಗಿಸುವ ಚಾಪರ್, ಆ ಮಿನುಗಿಗೆ ಹೊಂದುವ ಸಿಗ್ನಲ್ ಮಾತ್ರ ಹೆಕ್ಕುವ ಲಾಕ್-ಇನ್ ಇದ್ದರೂ ಇದನ್ನು ಹಿಡಿಯಲಾಗದು, ಎರಡೂ ಬೆಳಕು ಒಟ್ಟಿಗೇ ಮಿನುಗುತ್ತವೆ. ಎರಡೂ ಬದಿ ಪಾಲಿಶ್ ಆಗಿದ್ದ ಒಂದು ಸಿಲಿಕಾನ್ ಚೂರನ್ನು ಡಯೋಡ್ ಮುಂದೆ ನಿಲ್ಲಿಸಿದೆ. ಅದು 775 ಅನ್ನು ನುಂಗುತ್ತದೆ, 1550 ಅನ್ನು ಬಿಡುತ್ತದೆ. ಸಿಗ್ನಲ್ ನೂರರಲ್ಲಿ ಒಂದು ಪಾಲಿಗಿಂತ ಕೆಳಗಿಳಿಯಿತು. ಉಳಿದದ್ದೇ ನಿಜವಾದ ಇನ್‌ಫ್ರಾರೆಡ್.

ಅದು ತಾಮ್ರದಿಂದಲೇ ಬಂದದ್ದೇ ಎಂದು ನೋಡಲು, ಬೇರೆಬೇರೆ ತರಂಗಾಂತರಗಳಲ್ಲಿ ಅಳೆದು ಸಿಗ್ನಲ್‌ನ ವರ್ಗಮೂಲವನ್ನು ಬೆಳಕಿನ ಕಣದ ಶಕ್ತಿಯ ಎದುರು ಗ್ರಾಫ್‌ನಲ್ಲಿ ಗುರುತಿಸಿದೆ. ನೇರ ಗೆರೆ ಬಂತು. ಕೆಳಕ್ಕೆ ಎಳೆದರೆ 0.6ರ ಹತ್ತಿರ ಸೊನ್ನೆ ಮುಟ್ಟಿತು. ಗೋಡೆ ಇರಬೇಕಾದ ಜಾಗವೇ ಅದು.

ಒಂದು ವಾಟ್ ಬೆಳಕಿಗೆ ನನ್ನ ಸೆನ್ಸರ್ ಒಂದು ಮಿಲಿಆಂಪಿಯರ್ ಕೂಡ ಕೊಡುವುದಿಲ್ಲ. ದುಬಾರಿ ಸೆನ್ಸರ್ ಹತ್ತಿರ ಹತ್ತಿರ ಒಂದು ಆಂಪಿಯರ್ ಕೊಡುತ್ತದೆ. ಆದರೆ ಕಾಳು ಓಡಿಹೋಗುವುದಿಲ್ಲ. ದೀಪ ಜೋರು ಮಾಡಿ ನಿಧಾನವಾಗಿ ಅಳೆಯಬಹುದು. ಈಗ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಿಂದ ಸಿಲಿಕಾನ್ ಮೇಲೆ ಪುಟ್ಟ ಪಿರಮಿಡ್‌ಗಳನ್ನು ಕೊರೆಯುತ್ತಿದ್ದೇನೆ. ಬೆಳಕು ತಾಮ್ರಕ್ಕೆ ಎರಡೆರಡು ಸಲ ಬಡಿಯಲಿ ಎಂದು.