ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್ ನುಗ್ಗುವ ಸಂದು ಎಲ್ಲಿದೆ? ಹೀಗೆ ಹುಡುಕಿ

‘ಮ್ಯಾಕ್‌ಗೆ ವೈರಸ್ ಬರಲ್ಲ, ಲಿನಕ್ಸ್‌ಗಂತೂ ಬರೋದೇ ಇಲ್ಲ.’ ಈ ಮಾತು ನೀವೂ ಕೇಳಿರುತ್ತೀರಿ, ಅಲ್ವಾ? ಇದನ್ನು ನಂಬಿ ಸುಮ್ನೆ ಕೂರಬೇಡಿ. ವಿಂಡೋಸ್, ಆ್ಯಪಲ್‌ನ ಮ್ಯಾಕ್, ಲಿನಕ್ಸ್ ಇವೆಲ್ಲ ಕಂಪ್ಯೂಟರನ್ನು ನಡೆಸುವ ಸಿಸ್ಟಂಗಳು. ಇವುಗಳಲ್ಲಿ ವಿಂಡೋಸ್ ಬಳಸುವವರು ಜಾಸ್ತಿ, ಹಾಗಾಗಿ ಕಳ್ಳರ ಕಣ್ಣೂ ಅದರ ಮೇಲೇ ಜಾಸ್ತಿ. ಆದರೆ 2012ರಲ್ಲಿ ಫ್ಲ್ಯಾಶ್‌ಬ್ಯಾಕ್ ಎಂಬ ಕುತಂತ್ರಾಂಶ ಸುಮಾರು 6 ಲಕ್ಷ ಮ್ಯಾಕ್‌ಗಳಿಗೆ ನುಗ್ಗಿತು. ಅದು ಬಳಸಿದ್ದು ಜಾವಾ ಎಂಬ ಸಾಫ್ಟ್‌ವೇರಿನ ದೋಷವನ್ನು. ಆ ದೋಷಕ್ಕೆ ಫೆಬ್ರವರಿಯಲ್ಲೇ ಪ್ಯಾಚ್, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್, ಬಂದಿತ್ತು. ಮ್ಯಾಕ್‌ಗೆ ಅದು ತಲುಪಿದ್ದು ಏಪ್ರಿಲ್‌ನಲ್ಲಿ. ಆ ನಡುವಿನ ದಿನಗಳೇ ಸಾಕಾದವು.

ಹಾಗಾಗಿ ಮೊದಲು ನಿಮ್ಮಲ್ಲಿರುವ ಆವೃತ್ತಿಗೆ ಇನ್ನೂ ಪ್ಯಾಚ್ ಬರುತ್ತಿದೆಯೇ ನೋಡಿ. ವಿಂಡೋಸ್‌ನಲ್ಲಾದರೆ ಸೆಟ್ಟಿಂಗ್ಸ್ ತೆರೆದು, ಸಿಸ್ಟಂ ಒಳಗಿನ ‘ಅಬೌಟ್’ ಒತ್ತಿ. ಮ್ಯಾಕ್‌ನಲ್ಲಿ ಮೇಲಿನ ಎಡ ಮೂಲೆಯ ಸೇಬಿನ ಗುರುತು ಒತ್ತಿದರೆ ‘ಅಬೌಟ್ ದಿಸ್ ಮ್ಯಾಕ್’ ಸಿಗುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಇನ್ನೂ ಅದರಲ್ಲೇ ಇದ್ದೀರಾ? ಹೊಸ ಆವೃತ್ತಿಗೆ ಹೋಗಿ. ಯಂತ್ರ ಹಳೆಯದಾಗಿ ಅದು ಆಗದಿದ್ದರೆ ಲಿನಕ್ಸ್ ಹಾಕಿಸಿ.

ಆಮೇಲೆ ಅಪ್‌ಡೇಟ್ ತಾನಾಗಿಯೇ ಆಗುವಂತೆ ಇಡಿ. ‘ನಾಳೆ ನೆನಪಿಸು’ ಅನ್ನುವ ಬಟನ್ ಒತ್ತುವ ಮುಂಚೆ ವಾನ್ನಾಕ್ರೈ ನೆನಪಿಸಿಕೊಳ್ಳಿ. ಫೈಲುಗಳಿಗೆ ಬೀಗ ಹಾಕಿ, ತೆಗೆಯಲು ಹಣ ಕೇಳುವ ಕುತಂತ್ರಾಂಶ ಅದು. ಅದು ಹಬ್ಬಿದ್ದು 2017ರ ಮೇ 12ರಂದು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ, ನೆಟ್‌ವರ್ಕ್‌ನಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ಹಾರುತ್ತಿತ್ತು. ಬ್ರಿಟನ್ನಿನಲ್ಲಿ ಹಲವು ಆಸ್ಪತ್ರೆಗಳ ಕೆಲಸಕ್ಕೇ ಅಡ್ಡಿಯಾಯಿತು. ಆಗ ಬೆಂಬಲದಲ್ಲಿದ್ದ ವಿಂಡೋಸ್ ಆವೃತ್ತಿಗಳಿಗೆ ಅದರ ಪ್ಯಾಚ್ ಮಾರ್ಚ್ 14ಕ್ಕೇ ಬಂದಿತ್ತು! ಹಾಕಿಕೊಳ್ಳದೆ ಕಳೆದ ಎರಡು ತಿಂಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮುಂದಿನದು ಖಾತೆ. ವಿಂಡೋಸ್‌ನಲ್ಲಿ ಹೆಚ್ಚಿನವರು ದಿನವಿಡೀ ಯಂತ್ರದಲ್ಲಿ ಏನನ್ನು ಬೇಕಾದರೂ ಬದಲಿಸಬಲ್ಲ ಅಡ್ಮಿನ್ ಖಾತೆಯಲ್ಲೇ ಕೆಲಸ ಮಾಡುತ್ತಾರೆ. ಹಾಗಿದ್ದಾಗ ವಿಂಡೋಸ್ ಅನುಮತಿ ಕೇಳುವ ಪ್ರಶ್ನೆಗೆ ‘ಯೆಸ್’ ಒತ್ತಿದರೆ ಸಾಕು, ಒಳಗೆ ಬಂದದ್ದಕ್ಕೆ ಇಡೀ ಯಂತ್ರದ ಬೀಗದ ಕೈ ಸಿಕ್ಕಂತೆ. ದಿನದ ಕೆಲಸಕ್ಕೆ ಬೇರೆ ‘ಸ್ಟ್ಯಾಂಡರ್ಡ್’ ಖಾತೆ ಮಾಡಿಕೊಳ್ಳಿ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ದೊಡ್ಡ ಬದಲಾವಣೆಗೆ ಪಾಸ್‌ವರ್ಡ್ ಕೇಳುತ್ತದೆ. ಕೇಳಿದಾಗ ‘ನಾನು ಈಗ ಏನು ಹಾಕಲು ಹೊರಟಿದ್ದೆ?’ ಎಂದು ಒಂದು ಕ್ಷಣ ಯೋಚಿಸಿ. ಉತ್ತರ ಹೊಳೆಯದಿದ್ದರೆ ಟೈಪ್ ಮಾಡಲೇಬೇಡಿ.

ವಿಂಡೋಸ್ ಜೊತೆಗೇ ಬರುವ, ವೈರಸ್ ತಡೆಯುವ ಡಿಫೆಂಡರ್ ಮನೆಬಳಕೆಗೆ ಸಾಕು ಎಂಬುದು ನನ್ನ ಅಭಿಪ್ರಾಯ. ‘ಅದನ್ನು ಆಫ್ ಮಾಡಿ’ ಎಂದು ಹೇಳುವ ಕದ್ದ ಸಾಫ್ಟ್‌ವೇರ್ ಮಾತ್ರ ಬೇಡ.

ಲಿನಕ್ಸ್ ಇದ್ದರೆ ಪಾಸ್‌ವರ್ಡ್ ಕಡೆ ಗಮನ ಇರಲಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹಿಡಿದದ್ದು ಲಿನಕ್ಸ್ ಓಡುವ ಕ್ಯಾಮೆರಾ, ರೌಟರ್‌ಗಳನ್ನು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ, ಅಷ್ಟೇ. ನಿಮ್ಮ ರೌಟರಿನದನ್ನು ಇವತ್ತೇ ಬದಲಿಸಿ.

ಕೊನೆಗೆ, ಯಾವ ಸಿಸ್ಟಂ ಆದರೂ ಫೈಲುಗಳ ಪ್ರತಿಯನ್ನು ಹೊರಗಿನ ಡ್ರೈವ್‌ಗೆ ಹಾಕಿ. ಹಾಕಿದ ಮೇಲೆ ಕೇಬಲ್ ಕಿತ್ತಿಡಿ. ಸಿಕ್ಕಿಸಿಯೇ ಇಟ್ಟರೆ ವಾನ್ನಾಕ್ರೈನಂಥ ರ್‍ಯಾನ್ಸಂವೇರ್ ಆ ಪ್ರತಿಗೂ ಬೀಗ ಹಾಕಿಬಿಡುತ್ತದೆ.