ಜುಲೈ 1ರ ಬೆಳಗಿನ ಜಾವಕ್ಕೆ ಮುಂಚೆ: ಎನ್‌ಬಿಎ ತಂಡಗಳನ್ನು ತೂಗುವ ಬಗೆ

ಅಡಿಕೆ ತೋಟದ ಫಸಲನ್ನು ಚೇಣಿ (ಗುತ್ತಿಗೆ) ಹಿಡಿಯುವವರು ಮನೆ ಎದುರಿನ ನಾಲ್ಕು ಮರ ನೋಡಿ ತೋಟಕ್ಕೆ ದರ ಹೇಳುವುದಿಲ್ಲ. ಹಿಂದಿನ ಸಾಲಿನವರೆಗೂ ನಡೆದು, ಗೊನೆ ಎಣಿಸಿ, ಹೋದ ವರ್ಷ ಕೊಳೆ ರೋಗ ಎಲ್ಲಿ ಬಿದ್ದಿತ್ತು ಎಂದು ವಿಚಾರಿಸಿ, ಎಳೆ ಮರ ಎಷ್ಟು ಮುದಿ ಮರ ಎಷ್ಟು ಎಂದು ನೋಡಿದ ಮೇಲೆಯೇ ಮಾತು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಫ್ರೀ ಏಜೆನ್ಸಿ (ಒಪ್ಪಂದ ಮುಗಿದ ಆಟಗಾರರು ಹೊಸ ತಂಡ ಹುಡುಕುವ ಕಾಲ) ಶುರುವಾಗುವ ಮುಂಚೆ ತಂಡಗಳ ದೆಸೆ ಅಳೆಯುವುದೂ ಇಂಥದೇ ಕೆಲಸ. ನಮ್ಮಲ್ಲಿ ಬಹಳಷ್ಟು ಅಭಿಮಾನಿಗಳು 'ಯಾರು ಬರ್ತಾರೆ' ಎಂಬಲ್ಲಿಂದ ಹೊರಡುತ್ತಾರೆ. 'ಕರೆದುಕೊಂಡು ಬರಲು ಈ ತಂಡಕ್ಕೆ ಯಾವ ಬಾಗಿಲು ತೆರೆದಿದೆ' ಎಂದು ಮೊದಲು ಕೇಳಿಕೊಂಡರೆ ಶಿವಮೊಗ್ಗದ ಗೋಪಿ ಸರ್ಕಲ್‌ನ ಟೀ ಅಂಗಡಿ ವಾದದಲ್ಲಿ ಅರ್ಧದಷ್ಟು ಅಲ್ಲೇ ಮುಗಿಯುತ್ತದೆ.

ದಿನ, ಗಂಟೆ

ಮಾತುಕತೆ ತೆರೆಯುವುದು ಜೂನ್ 30ರ ಸಂಜೆ 6ಕ್ಕೆ, ನ್ಯೂಯಾರ್ಕ್ ಸಮಯ. ನಮಗೆ ಅದು ಜುಲೈ 1ರ ಬೆಳಗಿನ ಜಾವ 3:30. ಸರಿಯಾಗಿ ಆರಿದ್ರಾ ಮಳೆಯ ನಡುವೆ. ತೀರ್ಥಹಳ್ಳಿ, ಹೊಸನಗರ ಕಡೆಯವರು ಆ ರಾತ್ರಿ ಕರೆಂಟನ್ನೋ ನೆಟ್‌ವರ್ಕನ್ನೋ ನಂಬಿ ಕೂರಬಾರದು. ಬೇಕಾದ ಸಂಬಳದ ಪಟ್ಟಿಗಳನ್ನು ಜೂನ್ 29ರೊಳಗೆ ಫೋನಿಗೆ ಇಳಿಸಿಕೊಳ್ಳಿ, ಇಲ್ಲವೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಹೆಚ್ಚಿನ ಒಪ್ಪಂದಗಳಿಗೆ ಸಹಿ ಬೀಳುವುದು ಜುಲೈ 6ರಂದು, ನಮ್ಮ ರಾತ್ರಿ 9:30 ದಾಟಿದ ಮೇಲೆ. ಅಷ್ಟರಲ್ಲಿ ಪುನರ್ವಸು ಕಾಲಿಟ್ಟಿರುತ್ತದೆ. ನಡುವಿನ ದಿನಗಳಲ್ಲಿ ಕೇಳುವುದೆಲ್ಲ ಬಾಯಿಮಾತು. 2015ರಲ್ಲಿ ಡಿಆಂಡ್ರೆ ಜೋರ್ಡನ್ ಡಲ್ಲಾಸ್‌ಗೆ ಬರುತ್ತೇನೆಂದು ಒಪ್ಪಿ, ಸಹಿ ಹಾಕುವ ಹೊತ್ತಿಗೆ ಮನಸ್ಸು ಬದಲಿಸಿ ಕ್ಲಿಪ್ಪರ್ಸ್‌ನಲ್ಲೇ ಉಳಿದರು. ಹಾಗಾಗಿ ತಂಡದ ಲೆಕ್ಕ ಬರೆದಿಡುವ ನಿಮ್ಮ ಹಾಳೆಯಲ್ಲಿ 'ಒಪ್ಪಿದ್ದು' ಮತ್ತು 'ಸಹಿ ಆಗಿದ್ದು' ಎರಡಕ್ಕೂ ಬೇರೆ ಬೇರೆ ಗುರುತು ಇರಲಿ.

2024ರಿಂದ ಇನ್ನೊಂದು ಬದಲಾವಣೆ ಇದೆ. ಫೈನಲ್ಸ್ ಮುಗಿದ ಮರುದಿನವೇ ತಂಡಗಳು ತಮ್ಮದೇ ಫ್ರೀ ಏಜೆಂಟ್‌ಗಳ ಜೊತೆ ಮಾತಾಡಬಹುದು. ಆದ್ದರಿಂದ ಹಾಳೆಯ ಮೊದಲ ಕರಡು ಫೈನಲ್ಸ್ ಮುಗಿದ ವಾರವೇ ತಯಾರಿರಬೇಕು. ಡ್ರಾಫ್ಟ್ (ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವುದು) ಆದ ಮೇಲೆ ಒಮ್ಮೆ, ಆಟಗಾರರ ಮತ್ತು ತಂಡಗಳ ಆಪ್ಷನ್ (ಒಪ್ಪಂದವನ್ನು ಮುಂದುವರಿಸುವ ಆಯ್ಕೆ) ಗಡುವು ಮುಗಿಯುವ ಜೂನ್ ಕೊನೆಯಲ್ಲಿ ಇನ್ನೊಮ್ಮೆ ತಿದ್ದಿ.

ಒಂದು ತಂಡಕ್ಕೆ ಒಂದು ಹಾಳೆ

30 ತಂಡಗಳನ್ನೂ ಹಿಡಿಯಲು ಹೋಗಬೇಡಿ, ಆರೇಳು ಸಾಕು. ಸಂಬಳದ ವಿವರ ಸ್ಪೋಟ್ರ್ಯಾಕ್‌ನಲ್ಲಿ, ಆಟದ ಅಂಕಿಅಂಶ ಬ್ಯಾಸ್ಕೆಟ್‌ಬಾಲ್ ರೆಫರೆನ್ಸ್‌ನಲ್ಲಿ ಸಿಗುತ್ತದೆ. ಅಲ್ಲಿನ ಮಿಲಿಯನ್‌ಗಳನ್ನು ಹತ್ತರಿಂದ ಭಾಗಿಸಿ ಕೋಟಿ ಮಾಡಿಕೊಂಡರೆ ತಲೆಗೆ ಹಗುರ.

ಹಾಳೆಯಲ್ಲಿ ಐದು ಕಂಬ ಎಳೆಯಿರಿ: ಖಾತ್ರಿ ಸಂಬಳ, ಆಪ್ಷನ್ ಇರುವ ಸಂಬಳ, ಖಾತ್ರಿಯಿಲ್ಲದ ಸಂಬಳ, ಕ್ಯಾಪ್ ಹೋಲ್ಡ್ (ಇದರ ವಿವರ ಕೆಳಗಿದೆ), ತಂಡವೇ ಕೈಬಿಟ್ಟವರ ಬಾಕಿ. ಕೊನೆಯದನ್ನು ಮರೆಯುವವರೇ ಹೆಚ್ಚು. 2025ರ ಬೇಸಿಗೆಯಲ್ಲಿ ಮಿಲ್ವಾಕಿ ಡೇಮಿಯನ್ ಲಿಲ್ಲರ್ಡ್ ಅವರನ್ನು ಬಿಟ್ಟು, ಉಳಿದಿದ್ದ ಎರಡು ವರ್ಷದ ಸಂಬಳವನ್ನು ಐದು ವರ್ಷಕ್ಕೆ ಹಂಚಿತು. ಆ ಜಾಗದಲ್ಲಿ ಮೈಲ್ಸ್ ಟರ್ನರ್ ಬಂದರು. ಆದರೆ ತಂಡದಲ್ಲೇ ಇಲ್ಲದ ಆಟಗಾರನ ಹೆಸರಲ್ಲಿ ವರ್ಷಕ್ಕೆ ಸುಮಾರು 2.25 ಕೋಟಿ ಡಾಲರ್ 2029-30ರವರೆಗೂ ತಂಡದ ಲೆಕ್ಕದ ಪುಸ್ತಕದಲ್ಲಿ ಕೂತಿರುತ್ತದೆ. ಆಟಗಾರರ ಪಟ್ಟಿ ಮಾತ್ರ ನೋಡಿದವರಿಗೆ ಇದು ಕಾಣುವುದಿಲ್ಲ.

ಇನ್ನೊಂದು ಸಣ್ಣ ತಪ್ಪು: ಪುಸ್ತಕದಲ್ಲಿ ಹೋಲ್ಡ್‌ಗಳೂ ಸೇರಿ 12 ಹೆಸರಿಲ್ಲದಿದ್ದರೆ, ಕಡಿಮೆಯಾದ ಒಂದೊಂದು ಜಾಗಕ್ಕೂ ಹೊಸಬರ ಕನಿಷ್ಠ ಸಂಬಳವನ್ನು ಲೀಗ್ ತಾನೇ ಸೇರಿಸುತ್ತದೆ. 2025-26ರಲ್ಲಿ ಅದು ಸುಮಾರು 12.7 ಲಕ್ಷ ಡಾಲರ್. ಐವರೇ ಉಳಿದ ತಂಡಕ್ಕೆ ಏಳು ಜಾಗ, ಅಂದರೆ ಹತ್ತಿರ ಹತ್ತಿರ 90 ಲಕ್ಷ ಅಲ್ಲೇ ಹೋಯಿತು.

ನಾಲ್ಕು ಗೆರೆ

ಒಟ್ಟು ಕೂಡಿಸಿ ಈ ಗೆರೆಗಳ ಎದುರು ಇಡಿ. ಕ್ಯಾಪ್ ಎಂದರೆ ತಂಡದ ಒಟ್ಟು ಸಂಬಳದ ಮಿತಿ, ಅದನ್ನು ವಿನಾಯಿತಿಗಳ ಮೂಲಕ ಮಾತ್ರ ದಾಟಬಹುದು. ಏಪ್ರನ್ ಎಂದರೆ ತೆರಿಗೆಯ ಗೆರೆಗೂ ಮೇಲೆ, ದಾಟಿದವರ ಕೈಕಟ್ಟುವ ಗೆರೆ. 2025-26ರ ಅಂಕಿ: ಸಂಬಳದ ಕ್ಯಾಪ್ 15.46 ಕೋಟಿ ಡಾಲರ್, ತೆರಿಗೆಯ ಗೆರೆ 18.79 ಕೋಟಿ, ಮೊದಲ ಏಪ್ರನ್ 19.59 ಕೋಟಿ, ಎರಡನೇ ಏಪ್ರನ್ 20.78 ಕೋಟಿ. ಪ್ರತಿ ವರ್ಷ ಹೊಸ ಅಂಕಿ ಬರುತ್ತದೆ. ಕ್ಯಾಪ್ ಒಂದು ವರ್ಷಕ್ಕೆ 10 ಶೇಕಡಾಕ್ಕಿಂತ ಹೆಚ್ಚು ಏರುವಂತಿಲ್ಲ. 2016ರಲ್ಲಿ ಅದು 7 ಕೋಟಿಯಿಂದ 9.4 ಕೋಟಿಗೆ ಒಮ್ಮೆಲೇ ಹಾರಿ, 73 ಪಂದ್ಯ ಗೆದ್ದ ವಾರಿಯರ್ಸ್‌ಗೇ ಕೆವಿನ್ ಡುರಾಂಟ್ ಸೇರಿಕೊಂಡದ್ದು ನೆನಪಿದೆಯಲ್ಲ. ಅಂಥ ಜಿಗಿತಕ್ಕೆ ಈಗ ದಾರಿಯಿಲ್ಲ.

ತಂಡ ಯಾವ ಗೆರೆಯ ಮೇಲಿದೆ, ಯಾವುದರ ಕೆಳಗಿದೆ ಎನ್ನುವುದರ ಮೇಲೆ ಅದರ ಕೈಯಲ್ಲಿರುವ ಹತ್ಯಾರು ಗೊತ್ತಾಗುತ್ತದೆ. ಇಲ್ಲಿನ ಮೊತ್ತಗಳೂ 2025-26ರವು. ಕ್ಯಾಪ್‌ನ ಕೆಳಗಿಳಿದು ಖಾಲಿ ಜಾಗ ಬಳಸಿದವರಿಗೆ ಆಮೇಲೆ 88 ಲಕ್ಷದ ಒಂದು ವಿನಾಯಿತಿ ಉಳಿಯುತ್ತದೆ. ಕ್ಯಾಪ್‌ನ ಮೇಲಿದ್ದೂ ಮೊದಲ ಏಪ್ರನ್‌ನ ಕೆಳಗೆ ಉಳಿಯಬಲ್ಲವರಿಗೆ 1.41 ಕೋಟಿಯ ಮಿಡ್-ಲೆವೆಲ್ ಎಂಬ ವಿನಾಯಿತಿ. ಅದನ್ನು ಪೂರ್ತಿ ಬಳಸಿದರೆ ಆ ಋತು ಮುಗಿಯುವವರೆಗೆ ಮೊದಲ ಏಪ್ರನ್ ದಾಟುವಂತಿಲ್ಲ. ಅದಕ್ಕೂ ಮೇಲಿದ್ದು ಎರಡನೇ ಏಪ್ರನ್ ಮುಟ್ಟದವರಿಗೆ 57 ಲಕ್ಷದ ಸಣ್ಣ ಮಿಡ್-ಲೆವೆಲ್.

ಎರಡನೇ ಏಪ್ರನ್ ದಾಟಿದವರ ಪಾಡು ಕಷ್ಟ. ಹೊರಗಿನವರಿಗೆ ಕನಿಷ್ಠ ಸಂಬಳ ಮಾತ್ರ. ಇಬ್ಬರ ಸಂಬಳ ಒಟ್ಟುಗೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ಟ್ರೇಡ್‌ನಲ್ಲಿ (ತಂಡಗಳ ನಡುವಿನ ಅದಲುಬದಲಿನಲ್ಲಿ) ತರುವಂತಿಲ್ಲ, ಟ್ರೇಡ್‌ಗೆ ದುಡ್ಡು ಸೇರಿಸುವಂತಿಲ್ಲ, ಏಳು ವರ್ಷ ಮುಂದಿನ ಮೊದಲ ಸುತ್ತಿನ ಪಿಕ್ (ಡ್ರಾಫ್ಟ್‌ನಲ್ಲಿ ಆರಿಸುವ ಸರದಿ) ಕೂಡ ಟ್ರೇಡ್ ಮಾಡಲಾಗದಂತೆ ಹೆಪ್ಪುಗಟ್ಟುತ್ತದೆ. 2024ರ ಚಾಂಪಿಯನ್ ಬಾಸ್ಟನ್ ಒಂದೇ ವರ್ಷದಲ್ಲಿ ಜ್ರೂ ಹಾಲಿಡೇ, ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಇಬ್ಬರನ್ನೂ ಕಳಿಸಿದ್ದಕ್ಕೆ ಈ ಗೆರೆಯೇ ಮುಖ್ಯ ಕಾರಣ. ತಂಡದ ತಾರೆ ಜೇಸನ್ ಟೇಟಮ್ ಅವರ ಹಿಮ್ಮಡಿಯ ಸ್ನಾಯುರಜ್ಜು (ಅಕಿಲಿಸ್) ಹರಿದದ್ದು ಆ ನಿರ್ಧಾರವನ್ನು ಇನ್ನಷ್ಟು ಸುಲಭ ಮಾಡಿತು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಗಾದೆ ಇಲ್ಲಿ ಪೂರ್ತಿ ಹೊಂದುವುದಿಲ್ಲ. ತಮ್ಮದೇ ಆಟಗಾರರ ವಿಷಯದಲ್ಲಿ ಕಾಲು ಹಾಸಿಗೆಯಾಚೆಗೂ ಚಾಚಬಹುದು.

ಬರ್ಡ್ ಹಕ್ಕು ಮತ್ತು ಹೋಲ್ಡ್

ಲ್ಯಾರಿ ಬರ್ಡ್ ಹೆಸರಿನ ಈ ಹಕ್ಕು ಇದ್ದರೆ ಕ್ಯಾಪ್ ಮೀರಿದ್ದರೂ ತನ್ನ ಆಟಗಾರನಿಗೆ ಗರಿಷ್ಠ ಸಂಬಳ ಕೊಡಬಹುದು. ಅದಕ್ಕೆ ಆಟಗಾರ ಫ್ರೀ ಏಜೆಂಟ್ ಆಗಿ ತಂಡ ಬದಲಿಸದೆ ಮೂರು ಋತು ಆಗಿರಬೇಕು. ನಡುವೆ ಟ್ರೇಡ್ ಆದರೆ ಹಕ್ಕೂ ಆಟಗಾರನ ಜೊತೆಗೇ ಹೋಗುತ್ತದೆ. ಸ್ವಂತ ತಂಡ ಐದು ವರ್ಷ, ವರ್ಷಕ್ಕೆ 8 ಶೇಕಡಾ ಏರಿಕೆ ಕೊಡಬಲ್ಲದು. ಹೊರಗಿನ ತಂಡಕ್ಕೆ ನಾಲ್ಕು ವರ್ಷ, 5 ಶೇಕಡಾ. ಗರಿಷ್ಠ ಸಂಬಳವೂ ಎಲ್ಲರಿಗೂ ಒಂದೇ ಅಲ್ಲ. 0ರಿಂದ 6 ವರ್ಷ ಆಡಿದವರಿಗೆ ಕ್ಯಾಪ್‌ನ 25 ಶೇಕಡಾ, 7ರಿಂದ 9ಕ್ಕೆ 30, 10 ಅಥವಾ ಅದಕ್ಕೂ ಹೆಚ್ಚು ಆಡಿದವರಿಗೆ 35. ಪ್ರಶಸ್ತಿ ಗೆದ್ದವರಿಗೆ ಮೇಲಿನ ಮೆಟ್ಟಿಲು ಬೇಗ ಸಿಗುವ ನಿಯಮಗಳೂ ಉಂಟು.

ಹಕ್ಕು ಇಟ್ಟುಕೊಂಡಷ್ಟು ದಿನ ಆ ಆಟಗಾರನ ಹೆಸರಲ್ಲಿ ಪುಸ್ತಕದಲ್ಲಿ ಒಂದು ಮೊತ್ತ ಕಾದಿರುತ್ತದೆ. ಅದೇ ಕ್ಯಾಪ್ ಹೋಲ್ಡ್. ಬರ್ಡ್ ಹಕ್ಕಿರುವವನ ಹಿಂದಿನ ಸಂಬಳ ಲೀಗ್ ಸರಾಸರಿಗಿಂತ ಕಡಿಮೆಯಿದ್ದರೆ ಅದರ 190 ಶೇಕಡಾ, ಹೆಚ್ಚಿದ್ದರೆ 150. ಒಂದು ಕೋಟಿ ಪಡೆಯುತ್ತಿದ್ದವನ ಹೋಲ್ಡ್ 1.9 ಕೋಟಿ. ಮೊದಲ ಸುತ್ತಿನ ಪಿಕ್ ಆಗಿ ಬಂದು ನಾಲ್ಕು ವರ್ಷ ಮುಗಿಸಿದ ಹುಡುಗರಿಗೆ ಶೇಕಡಾವಾರು ಇನ್ನೂ ಹೆಚ್ಚು, ಆದರೂ ಮೂಲ ಸಂಬಳ ಚಿಕ್ಕದಾದ್ದರಿಂದ ಮೊತ್ತ ಸಣ್ಣದೇ ಬರುತ್ತದೆ. ಜಾಣ ತಂಡಗಳು ಆಟವಾಡುವುದು ಈ ಸಂದಿನಲ್ಲೇ. 2024ರಲ್ಲಿ ಫಿಲಡೆಲ್ಫಿಯಾ ಟೈರೀಸ್ ಮ್ಯಾಕ್ಸಿಯ ಸಹಿಯನ್ನು ಬೇಕೆಂದೇ ತಡಮಾಡಿತು. ಅವರ ಹೋಲ್ಡ್ ಸುಮಾರು 1.3 ಕೋಟಿ, ಸಿಗಬೇಕಿದ್ದ ಗರಿಷ್ಠ ಸಂಬಳ 3.5 ಕೋಟಿ. ಆ 2.2 ಕೋಟಿಯ ವ್ಯತ್ಯಾಸ ನೆರವಾಗಿ ಪಾಲ್ ಜಾರ್ಜ್ ಅವರಿಗೆ ನಾಲ್ಕು ವರ್ಷಕ್ಕೆ 21.2 ಕೋಟಿ ಕೊಡಲು ಸಾಧ್ಯವಾಯಿತು. ಮ್ಯಾಕ್ಸಿಗೆ ಆಮೇಲೆ ಬರ್ಡ್ ಹಕ್ಕಿನಲ್ಲಿ ಪೂರ್ತಿ ಸಂಬಳ.

ಪುಸ್ತಕದ ಕೆಲಸ ಇದಕ್ಕಿಂತ ಚೆನ್ನಾಗಿ ಮಾಡಲಿಕ್ಕಾಗದು. 2024-25ರಲ್ಲಿ ಆ ತಂಡ ಗೆದ್ದದ್ದು 82ರಲ್ಲಿ 24. ಜೋಯೆಲ್ ಎಂಬೀಡ್ ಆಡಿದ್ದು 19 ಪಂದ್ಯ, ಜಾರ್ಜ್ 41, ಮ್ಯಾಕ್ಸಿ 52. ಗೊನೆ ಎಣಿಸಿದವರು ಕೊಳೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಆಟದ ತೂಕ

ಗೆಲುವಿನ ಸಂಖ್ಯೆ ಮೋಸ ಮಾಡುತ್ತದೆ, ಅಂಕದ ಅಂತರ ಅಷ್ಟು ಮಾಡುವುದಿಲ್ಲ. ಪಂದ್ಯಕ್ಕೆ ಒಂದು ಅಂಕದ ಸರಾಸರಿ ಅಂತರಕ್ಕೆ ಋತುವಿನಲ್ಲಿ ಸುಮಾರು 2.7 ಗೆಲುವು. 82 ಪಂದ್ಯಗಳ ಅರ್ಧವಾದ 41ಕ್ಕೆ ಅದನ್ನು ಕೂಡಿಸಿ. 114 ಹೊಡೆದು 112 ಬಿಟ್ಟುಕೊಟ್ಟ ತಂಡದ ನಿಜವಾದ ತೂಕ 46 ಗೆಲುವು. ಅದು 52 ಗೆದ್ದಿದ್ದರೆ ಕೊನೆ ನಿಮಿಷದ ಅದೃಷ್ಟ ಅದರ ಜೊತೆಗಿತ್ತು, ಮುಂದಿನ ವರ್ಷ ಇರಬೇಕೆಂದಿಲ್ಲ. ಅಂತರ ತೀರಾ ದೊಡ್ಡದಾದಾಗ ಈ ಸೂತ್ರ ಕೈಕೊಡುತ್ತದೆ. 2024-25ರ ಒಕ್ಲಹೋಮಾ ಸಿಟಿಯ ಅಂತರ ಸುಮಾರು 12.9. ಸೂತ್ರ 76 ಎನ್ನುತ್ತದೆ, ಗೆದ್ದದ್ದು 68.

ಇನ್ನು ನಿಮಿಷಗಳು. ಅಂಗಳದಲ್ಲಿರುವ ಐವರದೂ ಸೇರಿ ಒಂದು ಪಂದ್ಯಕ್ಕೆ 240, ಋತುವಿಗೆ 19,680. ಮುಂದಿನ ವರ್ಷಕ್ಕೆ ಇರುವವರ ಹೆಸರೆದುರು ನಿಮಿಷ ಹಂಚುತ್ತ ಬನ್ನಿ. 34 ನಿಮಿಷದಂತೆ 70 ಪಂದ್ಯ ಆಡುವವನದು 2,380. ಯಾರಿಗೂ 2,600 ಮೀರಿ ಕೊಡಬೇಡಿ. ಎಷ್ಟು ಪಂದ್ಯ ಆಡಬಹುದು ಎನ್ನುವುದಕ್ಕೆ ಕಳೆದ ಮೂರು ಋತುಗಳ ಸರಾಸರಿ ಹಿಡಿಯಿರಿ, ಒಂದರದ್ದಲ್ಲ. ಫಿಲಡೆಲ್ಫಿಯಾಗೆ ಬರುವ ಮುಂಚೆ ಪಾಲ್ ಜಾರ್ಜ್ ಆಡಿದ್ದು 31, 56, 74. ಕೊನೆಯ 74 ಮಾತ್ರ ನೋಡಿದವರು ಗಟ್ಟಿ ಆಳು ಅಂದುಕೊಂಡರು. ಸರಾಸರಿ ಬರುವುದು 54. ಅದೂ ಹೆಚ್ಚೇ ಆಯಿತು, ಆದರೆ 41ಕ್ಕೆ ಎಷ್ಟೋ ಹತ್ತಿರ. ಮೇ, ಜೂನ್‌ನಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದವರ ಎದುರು ಮುಂದಿನ ಋತುವಿಗೆ ಸೊನ್ನೆ ಬರೆಯುವುದೇ ಕ್ಷೇಮ. 2019ರ ಫೈನಲ್ಸ್‌ನಲ್ಲಿ ಬಿದ್ದ ಡುರಾಂಟ್ 2019-20 ಪೂರ್ತಿ ಆಡಲಿಲ್ಲ.

ಎಲ್ಲ ಹಂಚಿದ ಮೇಲೆ ಮೂರು ನಾಲ್ಕು ಸಾವಿರ ನಿಮಿಷ ಖಾಲಿ ಉಳಿದರೆ, ಆ ಖಾಲಿ ಯಾವ ಜಾಗದ್ದು ಎಂದು ನೋಡಿ. ಉದ್ದನೆಯವರದೋ, ಚೆಂಡು ನಡೆಸುವವರದೋ? ಆ ತಂಡದ ಕೈಯಲ್ಲಿರುವ ಹತ್ಯಾರಿಗೆ ಅಂಥವನು ಸಿಗುತ್ತಾನೋ? ಹೆಸರುಗಳ ಚರ್ಚೆ ಈಗ ಶುರುವಾಗಲಿ.

ದರ ನಿಲ್ಲುವುದು ಎಲ್ಲಿ

ಮಂಡಿಯಲ್ಲಿ ಮಾಲು ಎಷ್ಟೇ ಚೆನ್ನಾಗಿರಲಿ, ಕೊಳ್ಳುವವನು ಒಬ್ಬನೇ ಆದರೆ ದರ ಏರುವುದಿಲ್ಲ. ಮಿಡ್-ಲೆವೆಲ್‌ನ ಮೊತ್ತಕ್ಕಿಂತ ಹೆಚ್ಚು ಖಾಲಿ ಜಾಗ ಎಷ್ಟು ತಂಡಗಳಿಗಿದೆ ಎಂದು ಎಣಿಸಿ. 2025ರಲ್ಲಿ ದೊಡ್ಡ ಜಾಗವಿದ್ದದ್ದು ಬ್ರೂಕ್ಲಿನ್‌ಗೆ ಮಾತ್ರ. ಅದೂ ಜಾಗವನ್ನು ತಾರೆಯರಿಗೆ ಬಳಸಲಿಲ್ಲ. ಡೆನ್ವರ್‌ನಿಂದ ಮೈಕೆಲ್ ಪೋರ್ಟರ್ ಜೂನಿಯರ್ ಅವರ ದೊಡ್ಡ ಸಂಬಳವನ್ನು ಹೊತ್ತುಕೊಂಡು, ಕೂಲಿಯಾಗಿ 2032ರ ಮೊದಲ ಸುತ್ತಿನ ಪಿಕ್ ಪಡೆಯಿತು. 'ಜಾಗ ಇದೆ, ಹಾಗಾದರೆ ತಾರೆ ಬರುತ್ತಾನೆ' ಎಂಬ ಹಳೆಯ ಲೆಕ್ಕ ಇಲ್ಲೇ ಎಡವುತ್ತದೆ.

ಅದರ ಪೆಟ್ಟು ಬಿದ್ದದ್ದು ರಿಸ್ಟ್ರಿಕ್ಟೆಡ್ ಫ್ರೀ ಏಜೆಂಟ್‌ಗಳ ಮೇಲೆ. ಇವರಿಗೆ ಬೇರೆ ತಂಡ ಕೊಟ್ಟ ಬೆಲೆಯನ್ನು ಸ್ವಂತ ತಂಡ ಸರಿಗಟ್ಟಿ ಉಳಿಸಿಕೊಳ್ಳಬಹುದು. ಬೆಲೆ ಕೊಡುವವರೇ ಇಲ್ಲದೆ ಜಾಶ್ ಗಿಡ್ಡಿ, ಜೊನಾಥನ್ ಕುಮಿಂಗಾ ಸೆಪ್ಟೆಂಬರ್‌ವರೆಗೆ ಕಾದರು. ಕ್ಯಾಮ್ ಥಾಮಸ್, ಕ್ವೆಂಟಿನ್ ಗ್ರೈಮ್ಸ್ ಸ್ವಂತ ತಂಡ ಕೊಡುವ ಒಂದು ವರ್ಷದ ಕ್ವಾಲಿಫೈಯಿಂಗ್ ಆಫರ್‌ಗೆ ಸಹಿ ಹಾಕಿದರು. ಇಂಥ ಆಟಗಾರ ನಿಮ್ಮ ತಂಡದಲ್ಲಿದ್ದರೆ 'ಉಳಿಯುತ್ತಾನೆ' ಎಂದು ಬರೆದು, ದರದ ಅಂದಾಜಿನಿಂದ ಐದನೇ ಒಂದು ಭಾಗ ಕಡಿಮೆ ಮಾಡಿ.

ಬೆಳಗಿನ ಜಾವ 3:30ಕ್ಕೆ ಅಲಾರಾಂ ಇಟ್ಟು ಎದ್ದವರಿಗೆ ಮೊದಲ ಹತ್ತು ನಿಮಿಷದಲ್ಲೇ ಸಾಲುಸಾಲು ಸುದ್ದಿ ಬರುತ್ತದೆ. ಪ್ರತಿ ಸುದ್ದಿಗೂ ಎರಡು ಕಡೆ ತಿದ್ದಬೇಕು: ಹೋದ ತಂಡದ ನಿಮಿಷ, ಬಂದ ತಂಡದ ಗೆರೆ. ಸೈನ್ ಅಂಡ್ ಟ್ರೇಡ್ (ಹಳೆಯ ತಂಡ ಸಹಿ ಹಾಕಿಸಿಕೊಂಡು ಕೂಡಲೇ ಬೇರೆ ತಂಡಕ್ಕೆ ಕಳಿಸುವುದು) ಎಂದು ಕೇಳಿಬಂದರೆ, ಆಟಗಾರನನ್ನು ಪಡೆದ ತಂಡ ಮೊದಲ ಏಪ್ರನ್‌ಗೆ ಕಟ್ಟುಬಿದ್ದಿತು ಎಂದು ಕೂಡಲೇ ಗುರುತು ಹಾಕಿ. ಆಗಸ್ಟ್ ಕೊನೆಗೆ ಹಾಳೆಯನ್ನು ಮತ್ತೊಮ್ಮೆ ತೆರೆಯಿರಿ. ಬಿಟ್ಟ ಆಟಗಾರನ ಆ ವರ್ಷದ ಸಂಬಳವನ್ನೂ ಮುಂದಿನ ವರ್ಷಗಳಿಗೆ ಹಂಚಲು ತಂಡಗಳಿಗೆ ಅದೇ ಗಡುವು.