ಹೊಟ್ಟು ಸಮೇತ ಇಟ್ಟ ಕಾಳು, ಬೀಜಕ್ಕೆ ತೆಗೆದಿಟ್ಟ ಪಾಲು

ಹೋದ ತಿಂಗಳು ಪಕ್ಕದ ಮನೆಯ ಸೊಸೆ ಒಂದು ಡಬ್ಬಿ ಹಿಡಿದುಕೊಂಡು ಬಂದಳು. "ಅಜ್ಜಿ, ಹುಳಾ ಇಲ್ಲ, ಏನಿಲ್ಲ. ಆದ್ರ ಸಾವಿ ಅನ್ನ ಕಹಿ ಆಗ್ತೈತ್ರಿ" ಅಂದಳು. ಮುಚ್ಚಳ ತೆಗೆದು ಮೂಸಿದೆ. ಹಳೇ ಎಣ್ಣೆಯ ಕಮಟು ವಾಸನೆ. ಸಾವೆ ಅಕ್ಕಿ ತಂದು ನಾಲ್ಕು ತಿಂಗಳಾಗಿತ್ತಂತೆ. ಅದೂ ಒಲೆಯ ಪಕ್ಕದ ಕಟ್ಟೆಯ ಮೇಲೆ ಇಟ್ಟಿದ್ದಳು.

ಸಾವೆ, ನವಣೆ, ಬರಗು, ಹಾರಕ ಯಾವುದೇ ಸಿರಿಧಾನ್ಯ ಇರಲಿ, ಹೊಟ್ಟು ಮೈಮೇಲೆ ಇರುವ ತನಕ ಕಾಳು ಗಟ್ಟಿ. ವರ್ಷಗಟ್ಟಲೆ ಇಟ್ಟರೂ ಏನೂ ಆಗುವುದಿಲ್ಲ. ಹೊಟ್ಟು ಬಿಡಿಸಿ ಅಕ್ಕಿ ಮಾಡಿದಿರೋ, ಮೇಲಿನ ತೌಡಿನಲ್ಲಿರುವ ಎಣ್ಣೆಗೆ ಗಾಳಿ ತಾಗಿ ಕೆಡಲು ಶುರುವಾಗುತ್ತದೆ. ಹಾಗಾಗಿ ಸಾವೆ ಅಕ್ಕಿಯನ್ನು ಎರಡು ತಿಂಗಳಿಗೆ ಬೇಕಾದಷ್ಟೇ ತನ್ನಿ. ಹಳ್ಳಿಯ ನಂಟು ಇದ್ದವರು ಹೊಟ್ಟಿನ ಸಾವೆಯನ್ನೇ ತಂದಿಟ್ಟುಕೊಂಡು, ಬೇಕಾದಾಗ ನಾಲ್ಕೈದು ಕಿಲೋ ಗಿರಣಿಗೆ ಹಾಕಿಸಿ. ತೀರಾ ಬೆಳ್ಳಗೆ ಹೊಳೆಯುವ ಅಕ್ಕಿ ಕಂಡರೆ ಮರುಳಾಗಬೇಡಿ, ತೌಡು ಪೂರ್ತಿ ಹೋಗಿರುತ್ತದೆ. ಸ್ವಲ್ಪ ಮಂಕಾಗಿ, ಕಂದು ಬಣ್ಣ ಉಳಿಸಿಕೊಂಡಿರುವುದೇ ಊಟಕ್ಕೆ ಒಳ್ಳೆಯದು.

ನಮ್ಮೂರು ನವಲಗುಂದ ಕಡೆಯ ಎರೆ ಭೂಮಿ. ನಾನು ಮದುವೆಯಾಗಿ ಬಂದಾಗ ಮನೆಯ ಮುಂದೆ ಹಗೇವು ಇತ್ತು. ನೆಲದಲ್ಲಿ ತೋಡಿದ ಆಳದ ಗುಂಡಿ. ಒಳಗೆ ಸುತ್ತ ಕಣಿಕೆ (ಜೋಳದ ಒಣ ದಂಟು) ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮುಚ್ಚುತ್ತಿದ್ದರು. ಒಳಗೆ ಕಾಳು ಉಸಿರಾಡುತ್ತಾ ಇದ್ದ ಗಾಳಿಯನ್ನೆಲ್ಲ ತೀರಿಸಿಬಿಡುತ್ತದೆ. ಆಮೇಲೆ ಹುಳಕ್ಕೆ ಉಸಿರೇ ಇಲ್ಲ. ಹಗೇವು ತೆರೆದ ದಿನ ಮೊದಲು ಒಂದು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಮನುಷ್ಯರು ಇಳಿಯುವಂತಿರಲಿಲ್ಲ.

ಈಗ ಧಾರವಾಡದ ಮನೆಯಲ್ಲಿ ಹಗೇವು ಎಲ್ಲಿಂದ ತರೋಣ? ಆದರೆ ಅದೇ ಕೆಲಸವನ್ನು ಡಬ್ಬಿಯಿಂದ ಮಾಡಿಸಬಹುದು. ಒಂದೇ ದೊಡ್ಡ ಡಬ್ಬಿ ಇಟ್ಟು ದಿನಾ ತೆಗೆದು ಮುಚ್ಚಬೇಡಿ. ನಾಲ್ಕು ಡಬ್ಬಿ ಮಾಡಿ. ಪ್ರತಿಯೊಂದನ್ನೂ ಕಂಠಮಟ್ಟ ತುಂಬಿ, ಗಟ್ಟಿಯಾಗಿ ಮುಚ್ಚಿ. ಒಂದು ಖಾಲಿಯಾದ ಮೇಲೆ ಇನ್ನೊಂದು. ಅರ್ಧ ತುಂಬಿದ ಡಬ್ಬಿಯಲ್ಲಿ ಅರ್ಧ ಗಾಳಿ ಇರುತ್ತದೆ, ಹುಳ ಅಲ್ಲೇ ಬೆಳೆಯುವುದು. ತುಂಬುವ ಮುಂಚೆ ಎರಡು ದಿನ ಚೆನ್ನಾಗಿ ಬಿಸಿಲು ತೋರಿಸಿ. ಒಂದು ಕಾಳು ಹಲ್ಲಿಗೆ ಕೊಟ್ಟು ಕಚ್ಚಿ ನೋಡಿ. ಕಟ್ ಅಂತ ಒಡೆದರೆ ಒಣಗಿದೆ. ಹಲ್ಲು ಮೆತ್ತಗೆ ಇಳಿದರೆ ಇನ್ನೊಂದು ದಿನ ಬೇಕು. ಬಿಸಿಲಿನಿಂದ ತೆಗೆದ ಕೂಡಲೇ ಮಾತ್ರ ತುಂಬಬೇಡಿ. ಬಿಸಿ ಕಾಳು ಡಬ್ಬಿಯೊಳಗೆ ಬೆವರುತ್ತದೆ, ಬೂಸಲು ಹಿಡಿಯುತ್ತದೆ. ರಾತ್ರಿ ಹರವಿ ಆರಿಸಿ, ಬೆಳಿಗ್ಗೆ ತುಂಬಿ.

ಹೆಸರು, ಮಡಿಕೆ, ಅಲಸಂದಿ ಕಾಳಿಗೆ ಒಂದಿಷ್ಟು ಔಡಲೆಣ್ಣೆ (ಹರಳೆಣ್ಣೆ) ಕೈಗೆ ಹಚ್ಚಿಕೊಂಡು ಸವರಿಡಿ. ಕಾಳು ಹೊಳೆದರೆ ಸಾಕು, ಜಿಡ್ಡು ಸುರಿಯಬಾರದು. ಅಡುಗೆಗೆ ಮುಂಚೆ ಬಿಸಿ ನೀರಲ್ಲಿ ತೊಳೆದರೆ ಆಯ್ತು.

ಜೋಳದ ಹಿಟ್ಟಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಕಟ್ಟುನಿಟ್ಟು. ಹಿಟ್ಟು ಹದಿನೈದು ದಿನಕ್ಕಿಂತ ಜಾಸ್ತಿ ಬೇಡ. "ನನಗೆ ರೊಟ್ಟಿ ಬಡಿಯಾಕ ಬರಂಗಿಲ್ಲ" ಅನ್ನುವ ಎಷ್ಟೋ ಹುಡುಗಿಯರ ಕೈಯಲ್ಲಿ ತಪ್ಪಿಲ್ಲ, ಹಿಟ್ಟಿನಲ್ಲಿದೆ. ಹಳೇ ಹಿಟ್ಟಿಗೆ ಜಿಗಿ ಇರುವುದಿಲ್ಲ, ಅಂಚು ಬಿರಿಯುತ್ತದೆ. ಹಿಂಗಾರಿನ ಮಾಲದಂಡಿ ಜೋಳ ತಂದು, ಬೀಸಿಸಿದ ವಾರದೊಳಗೆ, ಕುದಿಯುವ ಎಸರು ಹಾಕಿ ನಾದಿ ನೋಡಿ. ರೊಟ್ಟಿ ತಾನಾಗಿ ಹಿಗ್ಗುತ್ತದೆ. ಸಜ್ಜೆ ಹಿಟ್ಟು ಇನ್ನೂ ಬೇಗ ಕಹಿಯಾಗುತ್ತದೆ. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ ಹಿಂದಿನ ದಿನವೇ ಬೀಸಿಸಿ.

ಸದಕದ ಗೋಧಿ ಗೊತ್ತಲ್ವಾ? ಕೆಲವರು ಜವೆ ಗೋಧಿ ಅನ್ನುತ್ತಾರೆ. ಒಕ್ಕಿದರೂ ಸಿಪ್ಪೆ ಬಿಡುವುದಿಲ್ಲ, ಕುಟ್ಟಿಯೇ ಬಿಡಿಸಬೇಕು. ಆ ಕಷ್ಟಕ್ಕೇ ಜನ ಅದನ್ನು ಕೈಬಿಟ್ಟರು. ಆದರೆ ಹುಗ್ಗಿ, ಶಾವಿಗೆ, ಮಾದ್ಲಿ ಅಂದರೆ ಸದಕವೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಇದರ ಸುಧಾರಿತ ತಳಿಗಳನ್ನೂ ಕೊಟ್ಟಿದ್ದಾರೆ, ಕೃಷಿ ಮೇಳಕ್ಕೆ ಹೋದಾಗ ಕೇಳಿ. ಹುಗ್ಗಿಗೆ ಕುಟ್ಟಿದ ಗೋಧಿಯನ್ನು ರಾತ್ರಿಯೆಲ್ಲ ನೆನೆಸಿ. ಬೆರಳಲ್ಲಿ ಒತ್ತಿದರೆ ಪೂರ್ತಿ ಹಿಸುಕಿ ಹೋಗುವಷ್ಟು ಬೆಂದ ಮೇಲೆಯೇ ಬೆಲ್ಲ ಹಾಕಬೇಕು. ಮೊದಲೇ ಹಾಕಿದರೆ ಎಷ್ಟು ಉರಿ ಕೊಟ್ಟರೂ ಕಾಳು ಅಲ್ಲಿಗೇ ಗಟ್ಟಿಯಾಗಿ ನಿಂತುಬಿಡುತ್ತದೆ.

ಮೆಣಸಿನಕಾಯಿ ಬಗ್ಗೆ ಹೇಳದಿದ್ದರೆ ನನ್ನ ತವರು ಹಾವೇರಿಯವರು ಸುಮ್ನೆ ಬಿಡುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನ ಬೆಳೆ ಅನ್ನುವ ಅಧಿಕೃತ ಗುರುತು, ಸಿಕ್ಕಿತು. ಅದರಲ್ಲಿ ಎರಡು ಬಗೆ, ಕಡ್ಡಿ ಮತ್ತು ಡಬ್ಬಿ. ಕಡ್ಡಿ ಉದ್ದ, ತೆಳ್ಳಗೆ. ಡಬ್ಬಿ ಗಿಡ್ಡ, ಉಬ್ಬಿದ ಹೊಟ್ಟೆ, ಮೈತುಂಬ ಸುಕ್ಕು. ಡಬ್ಬಿಯಲ್ಲಿ ಖಾರ ಕಡಿಮೆ, ಬಣ್ಣ ಮತ್ತು ಘಮ ಜಾಸ್ತಿ. ಹೈಬ್ರಿಡ್ ಕಾಯಿಯ ಭರಾಟೆಯಲ್ಲಿ ನಿಜವಾದ ಡಬ್ಬಿ ಸಿಗುವುದು ಕಷ್ಟವಾಗಿದೆ. ಸಿಕ್ಕಾಗ ಎರಡು ಕಾಸು ಹೆಚ್ಚು ಕೊಟ್ಟಾದರೂ ತೆಗೆದುಕೊಳ್ಳಿ, ಬೆಳೆದವರಿಗೆ ಅದೇ ಧೈರ್ಯ. ತೊಟ್ಟು ತೆಗೆಯದೆ, ಬೆಳಕು ಬೀಳದ ಕಡೆ ಗಾಳಿಯಾಡದಂತೆ ಇಡಿ. ಬೆಳಕು, ಸೆಖೆ ಎರಡೂ ಬಣ್ಣ ತಿನ್ನುತ್ತವೆ. ಬ್ಯಾಡಗಿಯ ವ್ಯಾಪಾರಿಗಳು ಕೋಲ್ಡ್ ಸ್ಟೋರೇಜಿನಲ್ಲಿ ಇಡುವುದು ಅದಕ್ಕೇ. ವರ್ಷದ ಖಾರಪುಡಿಯನ್ನು ಒಮ್ಮೆಲೇ ಕುಟ್ಟಿಸುವ ಬದಲು ಮೂರು ಸಲ ಮಾಡಿಸಿ. ಗುರೆಳ್ಳು, ಅಗಸಿ ಚಟ್ನಿಪುಡಿಗೂ ಇದೇ ಮಾತು. ಕಾಳಾಗಿ ಇಡಿ, ಹದಿನೈದು ದಿನಕ್ಕಾಗುವಷ್ಟೇ ಹುರಿದು ಕುಟ್ಟಿ.

ಇನ್ನು ಬೀಜದ ಮಾತು. ಇದನ್ನು ಬರೆಯುವಾಗ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಮ್ಮತ್ತೆಯವರ ಹತ್ತಿರ ಒಂದು ಜವಾರಿ ಸೌತಿ ಇತ್ತು. ಗಿಡ್ಡ ಕಾಯಿ, ಮೈಮೇಲೆ ಬಿಳಿ ಗೆರೆ. ಹಕ್ಕರಕಿ ಸೊಪ್ಪು, ಸೌತಿ, ಕೆಂಪು ಖಾರ, ಬಿಸಿ ರೊಟ್ಟಿ ಇದ್ದರೆ ಬೇರೇನೂ ಬೇಡ. ಪ್ರತಿ ವರ್ಷ ಎರಡು ಕಾಯಿಯನ್ನು ಬಳ್ಳಿಯಲ್ಲೇ ಹಳದಿಯಾಗುವ ತನಕ ಬಿಡುತ್ತಿದ್ದರು. ತಿರುಳು ಸಮೇತ ಬೀಜ ತೆಗೆದು ಒಂದೆರಡು ದಿನ ನೀರಲ್ಲಿ ಹುಳಿಯಲು ಬಿಟ್ಟು, ತೊಳೆದು, ತಳಕ್ಕೆ ಕೂತ ಬೀಜವನ್ನು ಮಾತ್ರ ನೆರಳಲ್ಲಿ ಒಣಗಿಸಿ, ಬೂದಿಯಲ್ಲಿ ಕಲೆಸಿ ಅರಿವೆಯಲ್ಲಿ ಕಟ್ಟಿ, ಒಂದರ ಮೇಲೊಂದು ಪೇರಿಸಿದ ಅಡಕಲ ಗಡಿಗೆಯಲ್ಲಿ ಇಡುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾವು ಊರು ಬಿಟ್ಟು ಬಂದೆವು. ಗಂಟು ನನ್ನ ಜೊತೆಗೇ ಬಂತು. ಆರು ವರ್ಷ ಅದನ್ನು ಹಾಗೇ ಇಟ್ಟೆ. ಆಮೇಲೆ ಹಾಕಿದರೆ ಒಂದೂ ಮೊಳಕೆ ಒಡೆಯಲಿಲ್ಲ. ಊರಿನಲ್ಲಿ ಯಾರಿಗೂ ಹಂಚಿರಲಿಲ್ಲ, ಕೇಳಲು ಮನೆಯೇ ಇರಲಿಲ್ಲ.

ಹಾಗಾಗಿ ಬೀಜವನ್ನು ಎರಡು ಮೂರು ವರ್ಷಕ್ಕೊಮ್ಮೆಯಾದರೂ ಮಣ್ಣಿಗೆ ಹಾಕಿ ಹೊಸದು ಮಾಡಿಕೊಳ್ಳಿ. ಕುಂಡದಲ್ಲಾದರೂ ಸರಿ. ಸೌತಿ ಹಾಕಿದಾಗ ಹತ್ತಿರದಲ್ಲಿ ಬೇರೆ ಸೌತಿ ಬೇಡ, ಜೇನು ಬೆರೆಸಿಬಿಡುತ್ತದೆ. ಹಕ್ಕರಕಿಯ ಹಳದಿ ಹೂ ಒಣಗಿ ಹತ್ತಿಯಂತೆ ಅರಳುವಾಗ, ಗಾಳಿಗೆ ಹಾರುವ ಮುಂಚೆ ಚಿವುಟಿ ತೆಗೆಯಿರಿ. ಬಾಟಲಿಯ ಮೇಲೆ ಹೆಸರು, ವರ್ಷ, ಯಾರು ಕೊಟ್ಟರು ಅಂತ ಬರೆಯಿರಿ. ಕೊನೆಗೆ, ಕನಿಷ್ಠ ಮೂರು ಮನೆಗೆ ಕೊಡಿ. ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಹೀಗೇ ಸಿರಿಧಾನ್ಯದ ಬೀಜ ಕೂಡಿಸಿ, ಹಂಚಿ, 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಪಡೆದರು. ಸುದ್ದಿ ಓದಿದ ದಿನ ನನಗೆ ಕಣ್ಣು ತುಂಬಿ ಬಂತು.

ಈ ಸಲ ಅಣ್ಣಿಗೇರಿಯ ಬೀಗರ ಹಿತ್ತಲಲ್ಲಿ ಬಿಳಿ ಗೆರೆಯ ಗಿಡ್ಡ ಸೌತಿ ಸಿಕ್ಕಿದೆ. ಅತ್ತೆಯವರದೇ ಹೌದೋ ಅಲ್ಲವೋ, ಬಾಯಿಗೆ ಇಟ್ಟಾಗ ಗೊತ್ತಾಗುತ್ತದೆ. ಮೃಗಶಿರಾ ಮಳೆಗೆ ಹಾಕುತ್ತೇನೆ. ಚೆನ್ನಾಗಿರುವ ಎರಡು ಕಾಯಿಗೆ ಕೆಂಪು ದಾರ ಕಟ್ಟುತ್ತೇನೆ, ಅವನ್ನು ಯಾರೂ ಕೀಳಬಾರದು ಅಂತ ಮೊಮ್ಮಕ್ಕಳಿಗೆ ಈಗಲೇ ಹೇಳಿಟ್ಟಿದ್ದೇನೆ.